ಸಣ್ಯಾನ ಹದಿನೆಂಟು ತಿಂಗಳು

ಮೊನ್ನೆ ಎದುರು ಮನೆಯ ಬಾಣಂತಿ ಕೋಣೆಯಿಂದ ಅಜವಾನದ ಹೊಗೆ ಬಂತು. ಕೂಸಿಗೆ ಎರೆದು, ಕೆಂಡದ ಮೇಲೆ ಒಂದು ಚಿಟಿಕೆ ಅಜವಾನ ಉದುರಿಸಿ, ಆ ಹೊಗೆಗೆ ಅದರ ತಲೆ ಒಣಗಿಸುತ್ತಿದ್ದರು. ಕಾಯಿಪಲ್ಲೆಯ ಚೀಲ ಹಿಡಿದು ಹೊರಟವಳು ಬೀದಿಯಲ್ಲೇ ನಿಂತುಬಿಟ್ಟೆ. ನೋಡಿದವರು ಮುದುಕಿಗೆ ತಲೆ ಸುತ್ತಿತೇನೋ ಅಂದುಕೊಂಡಿರಬೇಕು. ನನಗೆ ಕಾಣುತ್ತಿದ್ದದ್ದು ಯಾದಗಿರಿಯ ನಮ್ಮ ಮಣ್ಣಿನ ಮಾಳಿಗೆಯ ಮನೆ, ಅದರ ಪರಸಿ ಕಲ್ಲು ಹಾಸಿದ ಪಡಸಾಲೆ, ಅಲ್ಲಿ ಕಾಲು ಚಾಚಿ ಕೂತು ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡ ನನ್ನ ಅವ್ವ. ನಿಮಗೂ ಇಂಥದೊಂದು ಮನೆ ಇದ್ದಿರಬೇಕು, ಈಗ ಹುಡುಕಿಕೊಂಡು ಹೋದರೆ ಸಿಗದ ಮನೆ.

ನಿಜಾಮನ ಆಳಿಕೆಯ ಕೊನೆಯ ವರ್ಷಗಳವು. ಅಪ್ಪ ತಹಶೀಲ ಕಚೇರಿಯಲ್ಲಿ ಗುಮಾಸ್ತ. ದಿನವಿಡೀ ಉರ್ದುವಿನಲ್ಲಿ ಬರೆದು, ಸಂಜೆ ದೀಪ ಹಚ್ಚಿದ ಮೇಲೆ ಕನ್ನಡ ಬೈಬಲ್ ಓದಿ, ಆ ದಿನದ ಕೃತಜ್ಞತೆಯಾಗಿ ದೇವರಿಗೆ ಸ್ತೋತ್ರ ಹೇಳಿ ಪ್ರಾರ್ಥನೆ ಮಾಡುತ್ತಿದ್ದ. ಅವ್ವ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ನರ್ಸು. ಅಪ್ಪನ ತಾಯಿ, ನಮ್ಮ ಆಯಿ, ಅಕ್ಷರ ಕಲಿತವಳಲ್ಲ, ಆದರೆ ಮನೆ ನಡೆಯುತ್ತಿದ್ದದ್ದು ಅವಳ ಮಾತಿನ ಮೇಲೆ. ಅವಳ ಬಾಯಲ್ಲಿ ಯಾವ ಮಾತೂ 'ದೇವರ ಚಿತ್ತ ಇದ್ರ' ಅನ್ನದೆ ಹೊರಬೀಳುತ್ತಿರಲಿಲ್ಲ. ನಾಳೆ ಸಂತೆಗೆ ಹೋಗುವುದಕ್ಕೂ ಅದೇ, ಹಪ್ಪಳ ಒಣಹಾಕುವುದಕ್ಕೂ ಅದೇ. ಊಟಕ್ಕೆ ಕೂತಾಗ ಅಪ್ಪ ಕಾಡುತ್ತಿದ್ದ: "ಯವ್ವಾ, ದೇವರ ಚಿತ್ತ ಇದ್ರ ಇವತ್ತರ ಬ್ಯಾಳಿಗಿ ಉಪ್ಪು ಬಿದ್ದದೇನು?" ಆಯಿ ಸೌಟು ಎತ್ತಿ ತೋರಿಸುತ್ತಿದ್ದಳು. ಅವ್ವ ಮಾತ್ರ ಆ ನಗುವಿಗೆ ಸೇರುತ್ತಿರಲಿಲ್ಲ. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಎರಡು ವರ್ಷದವನಿದ್ದಾಗ ಜ್ವರ ಬಂದು ತೀರಿಕೊಂಡಿದ್ದ. ಆಗಲೂ ಎಲ್ಲರೂ ಅವಳಿಗೆ ಅದೇ ಮಾತು ಹೇಳಿ ಹೋಗಿದ್ದರು.

ನನಗೆ ಒಂಬತ್ತು ವರ್ಷವಿದ್ದಾಗ, ಮುಂಗಾರು ಶುರುವಾಗುವ ಹೊತ್ತಿಗೆ, ಭೀಮಾ ಹೊಳೆಯ ದಂಡೆಯಿಂದ ಒಬ್ಬ ಮೀನುಗಾರ ತನ್ನ ತುಂಬು ಗರ್ಭಿಣಿ ಹೆಂಡತಿಯನ್ನು ಬಂಡಿಯಲ್ಲಿ ಮಲಗಿಸಿಕೊಂಡು ದವಾಖಾನೆಗೆ ಬಂದ. ಅವನ ಹೆಸರು ಹಣಮಂತ. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ಅವನ ಮನೆಯಲ್ಲಿ ಒಂದು ಹೆಣ್ಣು ಜೀವವೂ ಇರಲಿಲ್ಲ. "ಇದು ಬದುಕೋತನಾ ನಿಮ್ಮ ಹತ್ರಾನ ಇರಲ್ರಿ ಅವ್ವಾರ. ಆಮ್ಯಾಲ ಬಂದು ಒಯ್ತೀನ್ರಿ" ಅಂದನಂತೆ. ಅವ್ವ ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಅದು ಎಷ್ಟು ಸಣ್ಣದಿತ್ತೆಂದರೆ ಆಯಿ ನೋಡಿದವಳೇ "ಸಣ್ಯಾ" ಅಂದಳು, ಅದೇ ಹೆಸರಾಯಿತು.

ಆಡಿನ ಹಾಲನ್ನು ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಿ ಅವನನ್ನು ಬದುಕಿಸಿದ್ದು ಅವ್ವ. ರೊಟ್ಟಿ ಬಡಿಯುವಾಗ ಅವನು ಅವಳ ಬೆನ್ನಿಗೆ ಆತುಕೊಂಡು ನಿಲ್ಲುತ್ತಿದ್ದ. ಪ್ರಾರ್ಥನೆಯ ನಡುವೆ ಅಪ್ಪನ ಕನ್ನಡಕ ಕಿತ್ತುಕೊಂಡು ಓಡುತ್ತಿದ್ದ. ಅಪ್ಪ ಕಣ್ಣು ಮುಚ್ಚಿಕೊಂಡೇ ಕೈ ಆಡಿಸುತ್ತಿದ್ದ, ನಾನು ನಗು ತಡೆಯಲಾರದೆ ಹೊರಗೆ ಹೋಗುತ್ತಿದ್ದೆ. ಮನೆಗೆ ಮತ್ತೆ ಸದ್ದು ಬಂತು. ಅವ್ವ ಹಾಡತೊಡಗಿದಳು. ಮೊದಲ ತಿಂಗಳುಗಳಲ್ಲಿ ಹಣಮಂತ ಸಂತೆಯ ದಿನ ಮೀನು ಹಿಡಿದು ಬಂದು, ಬಾಗಿಲಲ್ಲೇ ಕೂತು ಮಗನನ್ನು ನೋಡಿ ಹೋಗುತ್ತಿದ್ದ. ಆಮೇಲೆ ಕೃಷ್ಣಾ ಹೊಳೆಯ ಕಡೆ ಶಹಾಪುರದ ಸೀಮೆಗೆ ದುಡಿಯಲು ಹೋದನೆಂದು ಸುದ್ದಿ ಬಂತು, ಅವನು ಬರಲಿಲ್ಲ. ಅವನು ಬಾರದ ಪ್ರತಿ ಸಂತೆಗೂ ಅವ್ವನ ಮುಖ ಹಗುರಾಗುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ನನ್ನ ಮುಖವೂ ಹಾಗೇ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಎರಡನೆಯ ಕ್ರಿಸ್ಮಸ್ ಹತ್ತಿರ ಬಂದಾಗ ಅವ್ವ ಬಿಳಿ ಬಟ್ಟೆ ತಂದು ಅಂಗಿ ಹೊಲಿಯಲು ಕೂತಳು. ಹಬ್ಬದ ದಿನ ಸಣ್ಯಾನಿಗೆ ದೀಕ್ಷಾಸ್ನಾನ ಮಾಡಿಸಿ ದೇವದಾನ ಅಂತ ಹೆಸರಿಡುವುದು, ಪಾದ್ರಿಯವರಿಗೂ ಹೇಳಿಯಾಗಿದೆ ಅಂದಳು. ಒಮ್ಮೆ ನಮ್ಮ ಹೆಸರು ಹತ್ತಿತೆಂದರೆ ಮೀನುಗಾರರ ಮನೆಯವರು ಅವನನ್ನು ತಿರುಗಿ ಕೇಳಲಾರರು ಎಂಬುದು ಅವಳ ಲೆಕ್ಕ. ಆಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಅವರಪ್ಪ ಜೀವಂತ ಅದಾನ. ಅವನಿಗಿ ಕೇಳೀ ಏನು?"

"ಕೇಳಾಕ ಅವ ಎಲ್ಲಿ ಅದಾನ್ರಿ ಅತ್ತಿ? ದೇವರ ಚಿತ್ತ ಇರಲಾರ್ದ ಈ ಕೂಸು ನಮ್ಮ ಮನಿಗಿ ಯಾಕ ಬರ್ತಿತ್ತು? ಒಂದು ಕಸಗೊಂಡ, ಒಂದು ಕೊಟ್ಟ."

"ನಿನ್ನ ಆಸೀಗಿ ದೇವರ ಹೆಸರು ಇಡಬ್ಯಾಡ, ಯವ್ವಾ" ಅಂದಳು ಆಯಿ. "ಕೇಳಲಾರ್ದ ಹಾಕಿಸಿದ ನೀರು ದೀಕ್ಷಾಸ್ನಾನ ಅಲ್ಲ. ಅದು ಕಳವು."

ಅವ್ವ ಸೂಜಿ ಬಿಟ್ಟು ಎದ್ದು ಹೋದಳು. ಮುಂದಿನ ಸಂತೆಯ ದಿನ ಆಯಿ ಕೋಲೂರಿಕೊಂಡು ತಾನೇ ಮೀನಿನ ಸಾಲಿಗೆ ಹೋಗಿ, ಶಹಾಪುರದ ಕಡೆಗೆ ಹೋಗುವವರ ಕೈಯಲ್ಲಿ ಹಣಮಂತನಿಗೆ ಹೇಳಿ ಕಳಿಸಿದಳು. ಗೊತ್ತಾದ ಮೇಲೆ ಅವ್ವ ಅವಳ ಜೊತೆ ಮಾತು ಬಿಟ್ಟಳು. ನಾನೂ ಬಿಟ್ಟೆ. ಆಯಿ ಕೊಟ್ಟ ಬೆಲ್ಲವನ್ನು ಅವಳೆದುರೇ ಕೋಳಿಗೆ ಹಾಕಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹಬ್ಬಕ್ಕೆ ವಾರವಿರುವಾಗ ಹಣಮಂತ ಬಂದ, ಜೊತೆಗೆ ಅವನ ಅಕ್ಕ. ಗಂಡ ತೀರಿಕೊಂಡು ತವರಿಗೆ ಮರಳಿದ್ದಳಂತೆ. ಅವನು ಬಡಕಲಾಗಿದ್ದ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನೆಲ ಮುಟ್ಟಿ ಅವ್ವನಿಗೆ ನಮಸ್ಕಾರ ಮಾಡಿದ. "ನಾ ಕೇಳಾಕ ಬಂದಿಲ್ರಿ ಅವ್ವಾರ. ಜೀವ ಕೊಟ್ಟವರು ನೀವು. ಇಟಗೊಂತೀನಿ ಅಂದ್ರ ಇಟಗೋರಿ. ಒಮ್ಮಿ ಮಾರಿ ನೋಡಿ ಹೋಗ್ತೀನ್ರಿ" ಅಂದ.

ನಮಗೆ ಬೇಕಾಗಿದ್ದದ್ದು ಅದೇ ಮಾತು. ನಾನು ಅವ್ವನ ಸೀರೆ ಹಿಡಿದು ಜಗ್ಗಿದೆ. ಈಗ ಆಯಿ ಏನಾದರೂ ಹೇಳುತ್ತಾಳೆಂದು ಎಲ್ಲರೂ ಅವಳ ಕಡೆ ನೋಡಿದೆವು. ಆಯಿ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು. ಅವಳೂ ಅವನನ್ನು ಎತ್ತಿ ಆಡಿಸಿದವಳೆಂಬುದು ನನಗೆ ಆಗ ಹೊಳೆಯಿತು. ಸಣ್ಯಾ ತಟ್ಟಾಡುತ್ತ ಹೊಸ್ತಿಲ ತನಕ ಹೋಗಿ ಹಣಮಂತನನ್ನು ದಿಟ್ಟಿಸಿದ. ಹಣಮಂತ ಮುಟ್ಟಲಿಲ್ಲ, ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದ. ಅವ್ವ ಆ ತಂದೆ ಮಗ ಇಬ್ಬರನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಅಕ್ಕನಿಗೆ ಕೇಳಿದಳು:

"ನಿಮ್ಮ ಊರಾಗ ಆಡಿನ ಹಾಲು ಸಿಗ್ತದೇನು?"

ಹೆಂಗಸು ಸಿಗುತ್ತದೆಂದು ತಲೆಯಾಡಿಸಿದಳು. ಅವ್ವ ಒಳಗೆ ಹೋಗಿ ಅವನ ಕುಲಾಯಿ, ಕೌದಿ, ಒಳಲೆ, ಎಲ್ಲವನ್ನೂ ಗಂಟು ಕಟ್ಟಿ ತಂದಳು. ಬಿಳಿ ಅಂಗಿಯನ್ನೂ ತೊಡಿಸಿದಳು, ತೋಳಿನ ಹೊಲಿಗೆ ಇನ್ನೂ ಆಗಿರಲಿಲ್ಲ. ಅವನು ಎಡಗಿವಿ ಹಿಡಿದುಕೊಂಡೇ ನಿದ್ದೆ ಮಾಡುತ್ತಾನೆ, ಕೈ ತೆಗೆಯಬೇಡಿ ಅಂತ ಹೇಳಿಕೊಟ್ಟಳು. ಬೀದಿಯ ತಿರುವಿನ ತನಕ ಅವನು "ಅವ್ವಾ" ಅಂತ ಚೀರುತ್ತಲೇ ಹೋದ.

ಅಂದಿನ ಸಂಜೆ ಪ್ರಾರ್ಥನೆಯ ಸರದಿ ಅವ್ವನದಿತ್ತು. ಅವಳು "ಹದಿನೆಂಟು ತಿಂಗಳು ಕೊಟ್ಟಿ, ಸ್ತೋತ್ರಪ್ಪಾ" ಅಂದಳು, ಅಷ್ಟೇ. ಆಯಿ ಎದ್ದು ಬಂದು ಸೊಸೆಯ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆ ಇಬ್ಬರೂ ಹಾಗೆ ಅತ್ತದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಒಂದೆರಡು ವರ್ಷ ಸೋದರತ್ತೆಯ ಸೆರಗು ಹಿಡಿದು ಅವನು ಸಂತೆಗೆ ಬಂದ. ಅವ್ವ ಕೈ ಚಾಚಿದರೆ ಅತ್ತೆಯ ಹಿಂದೆ ಅಡಗುತ್ತಿದ್ದ, ಗುರುತೇ ಇರಲಿಲ್ಲ. ಆಮೇಲೆ ನಿಜಾಮನ ಆಳಿಕೆ ಹೋಯಿತು, ಅಪ್ಪನಿಗೆ ಸುರಪುರಕ್ಕೆ ವರ್ಗವಾಯಿತು, ಆಯಿ ತೀರಿಕೊಂಡಳು, ಯಾದಗಿರಿಯ ಮನೆ ಬೇರೆಯವರ ಪಾಲಾಗಿ ನೆಲಸಮವಾಯಿತು. ಅಂಥ ಮನೆಯಲ್ಲಿ, ಅಂಥ ಇಬ್ಬರು ಹೆಂಗಸರ ನಡುವೆ ಬೆಳೆದೆನಲ್ಲ ಎಂದು ನಾನು ದೇವರಿಗೆ ಎಷ್ಟು ಸ್ತೋತ್ರ ಹೇಳಿದರೂ ಸಾಲದು. ಅವ್ವ ಹಣ್ಣಾದ ಮೇಲೆ, ಒಂದು ಮುಂಜಾನೆ ಅವಳ ತಲೆ ಬಾಚುತ್ತ, ಅಂದು ಅವನನ್ನು ಹೇಗೆ ಕೊಟ್ಟುಬಿಟ್ಟೆ ಎಂದು ಕೇಳಿದೆ. ಅವಳು ಹೇಳಿದಳು:

"ಕೊಡೋದು ಎಲ್ಲಿ ಮುಗದದವ್ವಾ? ದಿನಾ ಮುಂಜಾನಿ ಎದ್ದು ಮತ್ತ ಕೊಡ್ತೀನಿ. ಕೊಡಾಕ ಅಂತ ನನಗೂ ಒಂದಿತ್ತಲ್ಲ, ಅದಕ್ಕ ಸ್ತೋತ್ರ."