ಊರಿಗೊಂದು ನಡು

ಸ್ಯಾನ್ ರಮೋನ್‌ನಲ್ಲಿ ನಮ್ಮ ಕಾಲೊನಿ ಸಂಘಕ್ಕೆ ಧಾರವಾಡದ ಕಡೆಯವರೊಬ್ಬರು ಅಧ್ಯಕ್ಷರಾಗಿದ್ದರು. ಐನೂರು ವರ್ಷದ ಹಿಂದೆ ಇಟಲಿಯವರು ಕಲ್ಪಿಸಿದ ಆದರ್ಶ ನಗರದ ಚಿತ್ರ ಅವರ ಮನೆಯ ಗೋಡೆಯ ಮೇಲಿತ್ತು. ನೇರ ಬೀದಿಗಳು, ನಡುವೆ ದೊಡ್ಡ ಚೌಕ, ಒಂದು ನರಪಿಳ್ಳೆಯೂ ಇಲ್ಲ.

"ಜನ ಎಲ್ಲಿ ಸಾರ್?" ಅಂದರೆ ಚೌಕದ ಮೇಲೆ ಬೆರಳೊತ್ತಿ, "ಊರಿಗೊಂದು ನಡು ಬೇಕ್ರೀ. ನಡು ಇದ್ದರ ಮಂದಿ ತಾವ ಕೂಡ್ತಾರ, ಮಂದಿ ಕೂಡಿದರ ರಾಜ್ಯ ನೆಟ್ಟಗಾಗ್ತದ" ಅನ್ನುತ್ತಿದ್ದರು.

ಮೀಟಿಂಗುಗಳಲ್ಲಿ ಜಗಳವಾಡಿ, ಕಾಲೊನಿಯ ನಟ್ಟನಡುವೆ ಕಲ್ಲುಬೆಂಚುಗಳ ಚೌಕ ಕಟ್ಟಿಸಿಯೇಬಿಟ್ಟರು. ಅಲ್ಲಿ ಬಿಸಿಲೊಂದೇ ಬಂದು ಕೂತಿತು.

ಒಂದು ಸಂಜೆ, ಎಲ್ಲ ಮನೆಗಳ ಟಪಾಲು ಪೆಟ್ಟಿಗೆಗಳಿರುವ ಮೂಲೆಯಲ್ಲಿ ನನ್ನನ್ನು ತಡೆದು, "ಈ ಊರಾಗ ಮಂದಿ ಕೂಡೂದ ಇಲ್ರೀ!" ಎಂದು ಗುಡುಗಿದರು. ಟಪಾಲು ಒಯ್ಯಲು ಬಂದವರೆಲ್ಲ ಕೇಳುತ್ತ ನಿಂತರು. ಅಧ್ಯಕ್ಷರು ಒಂದು ಗಂಟೆ ಬೈದರು. ಸುತ್ತ ನಿಂತಿದ್ದ ಹದಿನೇಳು ಜನ ಹೌದೆಂದು ತಲೆಯಾಡಿಸಿದೆವು.