ವೈನಿಯ ಹೆಸರಿನಲ್ಲಿ ಹೋದ ರಕ್ತ

ನಮ್ಮ ರಾಜೇಶ್ವರಿ ವೈನಿಗೆ, ಅಂದರೆ ನನ್ನ ಅಣ್ಣನ ಹೆಂಡತಿಗೆ, ಸಂಶಯವೇ ಊಟ, ಸಂಶಯವೇ ನಿದ್ದೆ. ಹುಬ್ಬಳ್ಳಿಯ ನಮ್ಮ ಕಮರಿಪೇಟೆಯಲ್ಲಿ ಇಬ್ಬರು ಹೆಂಗಸರು ಕಟ್ಟೆಯ ಮೇಲೆ ಕೂತು ನಕ್ಕರೆ ಸಾಕು, ಅದು ತಮ್ಮ ಮನೆಯ ಸುದ್ದಿಯೇ ಎಂದು ಅವರ ತೀರ್ಮಾನ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗೆ. ಅಣ್ಣನಿಗೆ ಹತ್ತಿ ವ್ಯಾಪಾರ ಬಿಟ್ಟರೆ ಬೇರೆ ಲೋಕವಿಲ್ಲ. ಮನೆಯ ಕಾವಲೆಲ್ಲ ವೈನಿಯದೇ.

ಅಂಥವರ ಮಗಳು ಐಶ್ವರ್ಯಾಳಿಗೆ ಐದು ತಿಂಗಳಿಂದ ಮುಟ್ಟು ನಿಂತಿತ್ತು. ಅದೇ ಹೊತ್ತಿಗೆ ಒಳ್ಳೆಯ ಸಂಬಂಧವೂ ಗೊತ್ತಾಗಿತ್ತು. ವೈನಿ ಮೊದಲು ಸಂಶಯಪಟ್ಟದ್ದು ಮಗಳನ್ನೇ. ಔಷಧ ಅಂಗಡಿಯಿಂದ ಬಸಿರು ನೋಡುವ ಪಟ್ಟಿ ತಂದು, ಬಚ್ಚಲ ಬಾಗಿಲಲ್ಲಿ ನಿಂತು ಪರೀಕ್ಷೆ ಮಾಡಿಸಿದರು. ಅಂಥದ್ದೇನೂ ಇರಲಿಲ್ಲ. ಬಾಗಿಲಲ್ಲಿ ಹಾಗೆ ಕಾವಲು ನಿಂತದ್ದಕ್ಕಾಗಿ ವೈನಿಯನ್ನು ನಾನಿನ್ನೂ ಕ್ಷಮಿಸಿಲ್ಲ.

ಆಮೇಲೆ ಸಂಶಯ ಊರ ಕಡೆ ತಿರುಗಿತು. ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಸಂಬಂಧ ಮುರಿಯಿತೆಂದೇ ಲೆಕ್ಕ. ಹುಬ್ಬಳ್ಳಿಯ ಡಾಕ್ಟರರಲ್ಲಿ ಯಾರು ಅವರ ಪೈಕಿಯೋ ಯಾರಿಗೆ ಗೊತ್ತು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ವೈನಿ ಒಬ್ಬರೇ ಧಾರವಾಡಕ್ಕೆ ಹೋಗಿ, ಒಬ್ಬ ಡಾಕ್ಟರ ಮುಂದೆ ಮಗಳ ತೊಂದರೆಯನ್ನು ತಮ್ಮದೆಂದೇ ಹೇಳಿದರು. ನಲವತ್ತೆಂಟರ ಹೆಂಗಸಿನ ಮಾತನ್ನು ಅವರೇಕೆ ಅನುಮಾನಿಸುತ್ತಾರೆ? ಹಾರ್ಮೋನಿನ ರಕ್ತಪರೀಕ್ಷೆ ಬರೆದುಕೊಟ್ಟರು.

ರಕ್ತ ಕೊಡಲು ಗುರುತಿನವರಿಲ್ಲದ ಲ್ಯಾಬು ಬೇಕಿತ್ತು. ಗಬ್ಬೂರಿನ ಕಡೆ ಒಂದು ಸಿಕ್ಕಿತು. ವೈನಿ ನನ್ನನ್ನೂ ನಂಬುವವರಲ್ಲ, ಆದರೆ ಮನೆಯಲ್ಲಿ ಸ್ಕೂಟಿ ಓಡಿಸುವವಳು ನಾನೊಬ್ಬಳೇ. ಮೂವರೂ ಅದರ ಮೇಲೆಯೇ ಹೋದೆವು.

ರಕ್ತ ತೆಗೆಯುವ ನಾಹಿದಾ ಸೂಜಿ ಸಿದ್ಧ ಮಾಡುತ್ತ ಕೇಳಿದಳು: "ಮುಟ್ಟಾಗಿ ಎಷ್ಟ ದಿನ ಆತ್ರಿ? ಇದನ್ನ ಎರಡನೇ ಇಲ್ಲಾ ಮೂರನೇ ದಿನ ತಗೀತೇವಿ."

"ನಿಂತು ಐದ ತಿಂಗಳಾತು," ಎಂದರು ವೈನಿ.

"ಹಂಗಾರ ಯಾವ ದಿನಾ ಆದ್ರೂ ನಡೀತೈತಿ. ಹೆಸರು?"

"ರಾಜೇಶ್ವರಿ," ಎಂದಳು ಐಶ್ವರ್ಯಾ, ನೆಲ ನೋಡುತ್ತ.

ನಾಹಿದಾ ಚೀಟಿಯಲ್ಲಿದ್ದ ವಯಸ್ಸು ನೋಡಿದಳು, ಹುಡುಗಿಯ ಮುಖ ನೋಡಿದಳು. "ಈ ಚೀಟಿ ಇವರದ ಏನ್ರಿ?"

"ಹೆಸರ ಕೇಳಿದ್ರಿ, ಹೇಳಿದ್ಲು. ಇನ್ನ ಜಾತಕಾನೂ ಬೇಕೇನು?" ಎಂದರು ವೈನಿ.

ಹಿಂದೆ ನಿಂತ ಜನ ಗೊಣಗುತ್ತಿದ್ದರು. ನಾಹಿದಾ ಹುಡುಗಿಯ ತೋಳಿಗೆ ಪಟ್ಟಿ ಕಟ್ಟಿದಳು. ಸೀಸೆಗೆ ಚೀಟಿ ಅಂಟಿಸುವವರೆಗೂ ವೈನಿ ಅವಳ ಕೈಮೇಲಿನ ಕಣ್ಣು ತೆಗೆಯಲಿಲ್ಲ.

ಮರುದಿನ ರಿಪೋರ್ಟು ಮೊಬೈಲಿಗೆ ಬಂತು. ಹೆಚ್ಚುಕಮ್ಮಿಯಾದ ಅಂಕಿಯನ್ನು ಕೆಂಪಲ್ಲಿ ತೋರಿಸುತ್ತಾರೆ; ಇಲ್ಲಿ ಒಂದು ಅಂಕಿಯೂ ಕೆಂಪಾಗಿರಲಿಲ್ಲ. ವೈನಿ ಅಂದು ಬಾಯಿ ಸಿಹಿಗೆಂದು ಮಾದಲಿ ಮಾಡಿದರು, ಗಂಡಿನ ಕಡೆಯವರಿಗೆ ಫೋನು ಮಾಡಿ ನಿಶ್ಚಯದ ದಿನ ನೋಡಲು ಹೇಳಿದರು. ಮುಟ್ಟು ಬರಿಸುವ ಗುಳಿಗೆಯೊಂದನ್ನು ಬರೆಸಿಕೊಂಡರೆ ಮುಗಿಯಿತು ಎಂದು ಈ ಸಲ ನಮ್ಮಿಬ್ಬರನ್ನೂ ಕರೆದುಕೊಂಡು ಧಾರವಾಡದ ಬಸ್ಸು ಹತ್ತಿದರು.

ಡಾಕ್ಟರು ರಿಪೋರ್ಟು ನೋಡಿ ನಕ್ಕರು. "ಗಾಬರಿ ಆಗಬ್ಯಾಡ್ರಿ. ನಿಮ್ಮ ವಯಸ್ಸಿಗೆ ಇದು ಸರಿನ ಐತಿ. ಅಂಡಾಶಯದ ಕೆಲಸ ಮುಗೀಲಿಕ್ಕೆ ಬಂದೈತಿ. ಮಕ್ಕಳಾಗ್ಯಾವಲ್ಲ ನಿಮಗ, ಇನ್ನೇನ್ ಚಿಂತಿ?"

ವೈನಿಯ ಮುಖ ಬಿಳಿಚಿತು. ಆದರೂ ವೈನಿಯ ಬಾಯಿಂದ ಬಂದದ್ದು ಅದೇ ಹಳೆಯ ಮಾತು: "ಲ್ಯಾಬಿನವರು ಏನೋ ಗೋಲ್‌ಮಾಲ್ ಮಾಡ್ಯಾರ್ರಿ. ನನಗ ಅವರ ಮ್ಯಾಲ ಮೊದಲ ಸಂಶಯ ಇತ್ತು."

"ಅವರು ಏನೂ ಮಾಡಿಲ್ರಿ," ಎಂದಳು ಐಶ್ವರ್ಯಾ. "ಆ ರಕ್ತ ನಂದ್ರಿ ಡಾಕ್ಟರ್. ನನಗ ಇಪ್ಪತ್ಮೂರು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. "ಹಂಗಾರ ಇದು ಸರಿ ಇಲ್ಲವ್ವ. ನಲವತ್ತೆಂಟಕ್ಕ ಸರಿ ಇದ್ದ ಅಂಕಿ ಇಪ್ಪತ್ಮೂರಕ್ಕ ಸರಿ ಅಲ್ಲ. ಒಂದ ಸಲ ನೋಡಿ ಹೇಳಲಿಕ್ಕೆ ಬರೂದಿಲ್ಲ. ಒಂದ ತಿಂಗಳ ಬಿಟ್ಟು ಮತ್ತ ರಕ್ತ ಕೊಡಬೇಕು, ನಿನ್ನ ಹೆಸರಿಲೆ, ನಿನ್ನ ವಯಸ್ಸಿಲೆ. ಹೆಸರೇನು?"

ವೈನಿ ತಟ್ಟನೆ ಹಿಂದೆ ತಿರುಗಿದರು. ಅರ್ಧ ತೆರೆದ ಬಾಗಿಲಾಚೆ ಕೂತವರಲ್ಲಿ ನಮ್ಮ ಓಣಿಯವರು ಯಾರಾದರೂ ಇದ್ದಾರೇನೋ ಎಂದು ಒಬ್ಬೊಬ್ಬರನ್ನೇ ನೋಡಿದರು. ತಾಯಿ ಈ ಕಡೆ ತಿರುಗುವ ತನಕ ಐಶ್ವರ್ಯಾ ಕಾದಳು. ಆಮೇಲೆ ತಾಯಿಯ ಮುಖವನ್ನೇ ನೋಡುತ್ತ ತನ್ನ ಹೆಸರು ಹೇಳಿದಳು.