ಕಹಿ ತಿಳಿಯದ ನಾಲಿಗೆ

ಹೋದ ತಿಂಗಳು ಪ್ರಯೋಗಾಲಯದ ಕಪಾಟು ಒರೆಸುವಾಗ ಒಂದು ಹಳೆಯ ಲಕೋಟೆ ಸಿಕ್ಕಿತು. ಒಳಗೆ ಬೆರಳುದ್ದದ ಬಿಳಿ ಕಾಗದದ ಪಟ್ಟಿಗಳು. ಕೆಲವರ ನಾಲಿಗೆಗೆ ಇವು ವಿಪರೀತ ಕಹಿ, ಕೆಲವರಿಗೆ ಬರೀ ಕಾಗದ. ಹುಟ್ಟಿನಿಂದ ಬರುವ ಗುಣ ಅದು. ಲಿಂಗಸುಗೂರಿನ ಈ ಕಾಲೇಜಿನಲ್ಲಿ ಈಗ ಅದನ್ನೇ ಪಾಠ ಮಾಡುತ್ತೇನೆ. ಒಂದು ಪಟ್ಟಿ ನಾಲಿಗೆಗೆ ಇಟ್ಟುಕೊಂಡೆ. ಏನೂ ಇಲ್ಲ. ಅಂದೂ ಏನೂ ಇರಲಿಲ್ಲ...

ಎಂಬತ್ತರ ದಶಕದ ಕೊನೆಯಲ್ಲಿ ಮಸ್ಕಿಯಿಂದ ದಿನಾಲೂ ಬಸ್ಸಿನಲ್ಲಿ ಸಿಂಧನೂರಿಗೆ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ. ನನ್ನ ಪಕ್ಕ ಕೂರುತ್ತಿದ್ದವಳು ನಿರಾಶ್ರಿತರಾಗಿ ಬಂದು ನೆಲೆಸಿದವರ ಆರ್.ಎಚ್. ಕ್ಯಾಂಪಿನ ಬಂಗಾಳಿ ಹುಡುಗಿ. ಜನರ ರಕ್ತದ ಗುಣಗಳೂ ಅವರ ಮಾತೂ ಒಂದೇ ದಾರಿಯಲ್ಲಿ ಸಾಗಿ ಬಂದಿವೆಯೇ ಎಂಬುದು ನಮ್ಮ ಸರ್ ಅವರ ಮೆಚ್ಚಿನ ಪಾಠ. ಅದಕ್ಕಾಗಿ ನಮ್ಮಿಂದ ಎರಡು ನಕ್ಷೆ ಮಾಡಿಸುತ್ತಿದ್ದರು: ಯಾವ ಊರಿನಲ್ಲಿ ನೀರಿಗೆ, ಕಣ್ಣಿಗೆ, ಅತ್ತೆಗೆ ಏನೆನ್ನುತ್ತಾರೆ, ಯಾವ ಊರಿನಲ್ಲಿ ಎಷ್ಟು ಜನಕ್ಕೆ ಈ ಕಾಗದ ಕಹಿ. ನಕ್ಷೆಗಳನ್ನು ವಿವರಿಸಲು ಒಬ್ಬರನ್ನು ಧಾರವಾಡದ ವಿಚಾರಗೋಷ್ಠಿಗೆ ಕರೆದೊಯ್ಯುವುದಾಗಿ ಹೇಳಿದ್ದರು.

ಅದು ಅವಳೇ ಎಂದು ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ಬಂಗಾಳಿ, ಆಂಧ್ರದವರ ಗದ್ದೆಯಲ್ಲಿ ತೆಲುಗು, ನಮ್ಮೊಡನೆ ನಮಗಿಂತ ಚೆಂದದ ಕನ್ನಡ. ಸ್ಕೇಲು ಹಿಡಿದು ಗೆರೆ ಎಳೆದ ನನ್ನ ಪದಪಟ್ಟಿಯನ್ನು ಸರ್ ಮಡಿಸಿಡುತ್ತಿದ್ದರು. ಎಣ್ಣೆಕಲೆಯಾದ ಅವಳದನ್ನು ಗಟ್ಟಿಯಾಗಿ ಓದುತ್ತಿದ್ದರು. ನನಗೆ ಅವಳ ಅಕ್ಷರ ನೋಡಿದರೂ ಹೊಟ್ಟೆ ಉರಿಯುತ್ತಿತ್ತು.

ಕಾಗದ ಹಂಚಿದ ದಿನ ಅವಳು ನಾಲಿಗೆ ಹೊರಚಾಚಿ, “ಥೂ! ಇದಕ್ಕಿಂತ ಬೇವು ಪಾಡ್ರೀ ಸರ!” ಎಂದಳು. ಸರ್ ನಕ್ಕರು. ಅವಳಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ ಎನ್ನಲು ಮನಸ್ಸಾಗಲಿಲ್ಲ. ನಾನೂ ಮುಖ ಕಿವುಚಿ “ಕಹಿ” ಎಂದು ಬರೆಸಿದೆ.

ಮರುವಾರ ಮನೆಯವರ ಫಲಿತಾಂಶ ತರಬೇಕಿತ್ತು. ಅಪ್ಪ, ಅವ್ವ ಇಬ್ಬರಿಗೂ ಏನೂ ತಿಳಿದಿರಲಿಲ್ಲ. ಅವರದನ್ನು ಇದ್ದಂತೆಯೇ ಬರೆದೆ. ಸರ್ ಅದನ್ನು ಬೋರ್ಡಿಗೆ ಏರಿಸಿ, ನನ್ನ ಹೆಸರಿನ ಮುಂದಿದ್ದ “ಕಹಿ”ಗೆ ಸುತ್ತು ಹಾಕಿದರು. ತಂದೆತಾಯಿ ಇಬ್ಬರಿಗೂ ತಿಳಿಯದಿದ್ದರೆ ಮಕ್ಕಳಿಗೂ ತಿಳಿಯುವುದಿಲ್ಲ ಎಂದು ಅವರೇ ಆಗತಾನೆ ಕಲಿಸಿದ್ದರು.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಹಂಗಾದ್ರ ಈಕಿ ಯಾರ ಮಗಳ್ರೀ ಸರ?”

ತರಗತಿ ನಕ್ಕಿತು. ನನಗೆ ತಲೆ ಎತ್ತಲಾಗಲಿಲ್ಲ. ಪಕ್ಕದಲ್ಲಿ ಅವಳು ಎದ್ದು ನಿಂತಳು.

“ಸರ, ಆಕಿ ಕಾಗದ ನಾ ಬದಲ್ ಮಾಡಿದ್ದೆರೀ. ಚಾಷ್ಟಿಗೆ... ಹಾಗಲಕಾಯಿ ರಸ ಹಚ್ಚಿ ಇಟ್ಟಿದ್ದೆ.”

ಅವಳು ಏನೂ ಬದಲಿಸಿರಲಿಲ್ಲ. ಅವಳ ಮುಖ ನೋಡಿಕೊಂಡೇ ನಾನು ಮುಖ ಕಿವುಚಿದ್ದನ್ನು ಅವಳು ಗಮನಿಸಿದ್ದಳು. ಹೊರಗೆ ಬಂದ ಮೇಲೆ ಇಷ್ಟೇ ಹೇಳಿದಳು: “ನಿಮ್ಮವ್ವನ ಬಗ್ಗೆ ಅಂದ್ರಲ್ಲ ಬೇ, ತಡಕೊಳ್ಳಾಕ ಆಗ್ಲಿಲ್ಲ.”

ಸರ್ ಅವಳನ್ನು ನಕ್ಷೆಯ ಕೆಲಸದಿಂದ ತೆಗೆದರು. ಧಾರವಾಡಕ್ಕೆ ನಾನು ಹೋದೆ. ಮಾತಿನ ಗಡಿಯೂ ಕಹಿಯ ಗಡಿಯೂ ಒಂದಕ್ಕೊಂದು ಹೊಂದುವುದಿಲ್ಲ ಎಂದು ವಿವರಿಸಿದೆ. ಚಪ್ಪಾಳೆ ತಟ್ಟಿದರು. ಬೇಸಿಗೆ ರಜೆಯ ನಂತರ ಅವಳು ಕಾಲೇಜಿಗೆ ಬರಲಿಲ್ಲ. ಭತ್ತದ ನಾಟಿ ಇರಬಹುದು ಎಂದುಕೊಂಡೆ. ನಾಟಿ ಮುಗಿದ ಮೇಲೂ ಹಾಗೆಯೇ ಅಂದುಕೊಂಡೆ...

ಈ ಭಾನುವಾರ ಕ್ಯಾಂಪಿಗೆ ಹೋದೆ. ಅವಳ ತಾಯಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅವಳೊಡನೆ ಓದಿದವಳು ಎಂದು ಹೇಳಿಕೊಂಡೆ.

“ಆಕಿ ಹೋಗಿ ಎರಡು ವರ್ಷ ಆತವ್ವ. ಜ್ವರ ಬಂದಿತ್ತು,” ಎಂದರು. ಕಲ್ಲೊಂದನ್ನು ಹೆಕ್ಕಿ ಎಸೆದು ಅವರೇ ಕೇಳಿದರು: “ಕಾಲೇಜಿನ್ಯಾಗ ಏನೋ ಮೋಸ ಮಾಡಿದ್ಲಂತ. ಅವರಪ್ಪ ಮುಂದ ಓದಾಕ ಬಿಡ್ಲಿಲ್ಲ. ಹೌದೇನು, ಮೋಸ ಮಾಡಿದ್ಲಾ?”

“ಇಲ್ಲಮ್ಮ. ನಾ ಮಾಡಿದ್ದೆ.”

ಅವರ ಕೈ ನಿಂತಿತು. ಆಮೇಲೆ ಒಳಗಿದ್ದ ಗಂಡನ ಕಡೆ ತಿರುಗಿ, ಅವರ ಭಾಷೆಯಲ್ಲಿ ಗಟ್ಟಿಯಾಗಿ ಏನೋ ಹೇಳತೊಡಗಿದರು. ನನಗೆ ಅವಳ ಹೆಸರೊಂದೇ ತಿಳಿಯಿತು.